ಲೋಪಕ್ಕೂ ವಿಧಿ: ಸಮಾನ ಗಣಕಗಳ ಭಾಷೆಯ ಚರಿತ್ರೆ

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತೀ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಯು 1907ರಲ್ಲಿ ಮುಗಿದು ವಾಣೀವಿಲಾಸ ಸಾಗರವೆಂದು ಪ್ರಸಿದ್ಧವಾಯಿತು. 1933ರಲ್ಲಿ ಕೋಡಿ ಹರಿದ ಈ ಸಾಗರವು ಮತ್ತೆ ಹರಿದುದು 2022ರಲ್ಲಿ. ನಾಲೆಗಳೆಲ್ಲವೂ ಈ ಒಂದನ್ನೇ ನಂಬಿರುವುವು. ಬಯಲುಸೀಮೆಯ ಹಳೆಯ ಕೆರೆಗಳ ಕ್ರಮವಾದರೋ ಬೇರೆ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಇಳಿಯುವುದು. ಎಲ್ಲಕ್ಕೂ ಒಡೆಯನಾದ ಕೆರೆಯೊಂದಿಲ್ಲ. ಆದರೆ ಒಂದರ ಏರಿ ಒಡೆದರೆ ಅದರ ಪೆಟ್ಟು ಕೆಳಗಿನವುಗಳಿಗೆ ತಪ್ಪದು.

ಗಣಕಯಂತ್ರಗಳ ಜಾಲದಲ್ಲಿಯೂ ಈ ಎರಡು ಕ್ರಮಗಳುಂಟು. 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಎಂಬ ಜಾಲದಲ್ಲಿ ಹಾಡುಗಳು ಜನರ ಗಣಕಗಳಲ್ಲಿಯೇ ಇದ್ದರೂ ಅವುಗಳ ಸೂಚಿಯು ಕೇಂದ್ರದಲ್ಲಿತ್ತು; ನ್ಯಾಯಾಲಯದ ಆಜ್ಞೆಯಿಂದ 2001ರಲ್ಲಿ ಅದು ನಿಂತಿತು. ಅದೇ ವರ್ಷ ಅಮೆರಿಕದ ಎಂ.ಐ.ಟಿ.ಯ ವಿದ್ವಾಂಸರು ಪ್ರಕಟಿಸಿದ ಚಾರ್ಡ್ ಎಂಬ ವಿಧಾನದಲ್ಲಿ ಕೇಂದ್ರವೇ ಇಲ್ಲ. ಗಣಕಗಳು ವಲಯಾಕಾರವಾಗಿ ನಿಲ್ಲುವುವು. ಪ್ರತಿಯೊಂದೂ ತನ್ನ ಮುಂದಿನ ಕೆಲವನ್ನು ಮಾತ್ರ ಬಲ್ಲುದು. ಸಾವಿರ ಗಣಕಗಳಿದ್ದರೂ ಬೇಕಾದುದನ್ನು ಸುಮಾರು ಹತ್ತು ಹೆಜ್ಜೆಗಳೊಳಗೆ ಹುಡುಕಬಹುದು.

ಇಂತಹ ಜಾಲದಲ್ಲಿ ಯಾವ ಗಣಕವೂ ಹೇಳದೆ ಹೊರಟುಹೋಗಬಹುದು. ಉತ್ತರ ಬಾರದಿದ್ದರೆ ಅದು ಸತ್ತಿತೋ, ತಡಮಾಡಿತೋ ತಿಳಿಯದು. ಈ ಸಂದೇಹವಿರುವಲ್ಲಿ ಒಂದೇ ಒಂದು ಗಣಕವು ಕೆಟ್ಟರೂ ಎಲ್ಲವೂ ಏಕಮತಕ್ಕೆ ಬರುವುದನ್ನು ಯಾವ ವಿಧಾನವೂ ನಿಶ್ಚಯವಾಗಿ ಸಾಧಿಸಲಾರದೆಂದು 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬವರು ಸಾಧಿಸಿ ತೋರಿಸಿದರು. ಒಂದು ಯಂತ್ರಕ್ಕೆ ಅಪ್ಪಣೆ ಕೊಡುವುದಕ್ಕಾಗಿ ಹುಟ್ಟಿದ ಭಾಷೆಗಳಲ್ಲಿ ಈ ಮೌನಕ್ಕೆ ಪದವಿರಲಿಲ್ಲ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1986ರಿಂದ ಬೆಳೆದ ಅರ್ಲಾಂಗ್ ಭಾಷೆಯು, ಒಂದು ಕಾರ್ಯವು ಸತ್ತರೆ ಅದಕ್ಕೆ ಕಟ್ಟಿದ ಇನ್ನೊಂದಕ್ಕೆ ಸೂಚನೆ ಹೋಗುವಂತೆ ವಿಧಿಸಿತು.

ಇಲ್ಲಿ ಪಾಣಿನಿಯ ಸ್ಮರಣೆಯು ಸಹಜವೇ. ಕಾಣದಿರುವುದಕ್ಕೂ ಲೋಪವೆಂಬ ಸಂಜ್ಞೆಯನ್ನಿತ್ತು, ಪ್ರತ್ಯಯವು ಹೋದರೂ ಅದರ ನಿಮಿತ್ತವಾದ ಕಾರ್ಯವು ನಡೆಯುವುದೆಂದು ಅವನು ವಿಧಿಸಿದನು. ಗಣಕಭಾಷೆಗಳ ವ್ಯಾಕರಣವನ್ನು ಬರೆಯಲು ಬಾಕಸರು ತಂದ ಸಂಕೇತಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದರು. ಇದು ಗೌರವದ ಮಾತು. ಇದರಿಂದ ಗಣಕಭಾಷೆಯೇ ಅಷ್ಟಾಧ್ಯಾಯಿಯಿಂದ ಹುಟ್ಟಿತೆನ್ನುವುದು ಅತ್ಯುಕ್ತಿ.

ಲಾಘವದಲ್ಲಿ ಮಾತ್ರ ಸೂತ್ರಕಾರರಿಗೆ ಮೆಚ್ಚಿಕೆಯಾಗುವಂತಹ ಕೃತಿಯೊಂದು 2005ರಲ್ಲಿ ಬಂದಿತು. ಬರ್ಕ್ಲಿಯ ಲೂ, ಹೆಲರ್‌ಸ್ಟೈನ್ ಮೊದಲಾದವರು ಓವರ್‌ಲಾಗ್ ಎಂಬ ಭಾಷೆಯಲ್ಲಿ ಚಾರ್ಡನ್ನು 47 ನಿಯಮಗಳಲ್ಲಿ ಬರೆದರು. ಪಿ2 ಎಂಬ ಅವರ ವ್ಯವಸ್ಥೆಯು ಆ ನಿಯಮಗಳನ್ನು ಸಂದೇಶಗಳು ಹರಿಯುವ ಕಾಲುವೆಗಳಂತೆ ಅನುವಾದಿಸಿ ನಡೆಯಿಸುತ್ತಿತ್ತು.

ಆದರೆ ಲಾಘವವು ಬೇರೆ, ಸಾಧುತ್ವವು ಬೇರೆ. ಅನುವಾದಕವು ಕೊಟ್ಟ ನಿಯಮವನ್ನು ನಡೆಯಿಸುವುದಲ್ಲದೆ ಅದರ ದೋಷವನ್ನು ತಿದ್ದದು. ಚಾರ್ಡಿನ ಪ್ರಕಟಿತ ರೂಪಗಳಲ್ಲಿ ಒಂದೂ ನಿರ್ದುಷ್ಟವಲ್ಲವೆಂದು 2012ರಲ್ಲಿ ಪಮೇಲಾ ಝೇವ್ ತೋರಿಸಿದರು. ಗಣಕಗಳು ಸೇರುವ, ಕೆಟ್ಟುಹೋಗುವ ಕೆಲವು ಕ್ರಮಗಳಲ್ಲಿ ವಲಯವು ಕೆಟ್ಟು, ಮತ್ತೆ ಕೂಡುತ್ತಿರಲಿಲ್ಲ. ಲೋಪದ ವಿಧಿಯೇ ಊನವಾಗಿತ್ತು. ನಿರ್ದೋಷವಾದ ರೂಪವನ್ನೂ ಅದರ ಸಾಧನೆಯನ್ನೂ ಆಕೆಯೇ 2017ರಲ್ಲಿ ಪ್ರಕಟಿಸಿದರು. ಅದರಂತೆ ವಲಯವನ್ನು ಒಂಟಿ ಗಣಕದಿಂದ ಆರಂಭಿಸುವಂತಿಲ್ಲ. ಪ್ರತಿಯೊಂದು ಗಣಕವು ಮುಂದಿನವೆಂದು ನೆನಪಿಡುವ ಗಣಕಗಳೆಷ್ಟೋ, ಅದಕ್ಕಿಂತ ಕಡೆಯಪಕ್ಷ ಒಂದು ಹೆಚ್ಚಾಗಿ ಮೊದಲೇ ಕೂಡಿರಬೇಕು.