ಮಹಿಳಾ ಬೋಗಿ

ಮಹಿಳಾ ಬೋಗಿ ಎಂದರೆ ರೈಲು ಅಥವಾ ಮೆಟ್ರೊದಲ್ಲಿ ಮಹಿಳೆಯರ ಪ್ರಯಾಣಕ್ಕೆಂದೇ ಮೀಸಲಿರಿಸಿದ ಬೋಗಿ. ಜನಸಂದಣಿಯಲ್ಲಿ ನಡೆಯುವ ಕಿರುಕುಳವನ್ನು ತಡೆಯುವುದು ಇದರ ಮುಖ್ಯ ಉದ್ದೇಶ.

ಇತಿಹಾಸ

ಮುಂಬಯಿಯ ಉಪನಗರ ರೈಲುಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಬೋಗಿಗಳನ್ನಿಡುವುದು ಬಹುಕಾಲದ ರೂಢಿ. ಪಶ್ಚಿಮ ರೈಲ್ವೆಯು 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮಹಿಳೆಯರಿಗಾಗಿಯೇ ಇಡೀ ರೈಲೊಂದನ್ನು ಆರಂಭಿಸಿತು. ದೆಹಲಿ ಮೆಟ್ರೊದಲ್ಲಿ 2010ರ ಅಕ್ಟೋಬರ್ 2ರಿಂದ ರೈಲು ಚಲಿಸುವ ದಿಕ್ಕಿನ ಮೊದಲ ಬೋಗಿಯನ್ನು ಮೀಸಲಿಡಲಾಯಿತು. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ 2018ರಲ್ಲಿ ಆರು ಬೋಗಿಗಳ ರೈಲು ಬಂದಾಗ ಇದೇ ವ್ಯವಸ್ಥೆ ಜಾರಿಗೆ ಬಂದಿತು.

ಕಾನೂನು

1989ರ ರೈಲ್ವೆ ಕಾಯ್ದೆಯ 58ನೆಯ ಕಲಮು ಪ್ರತಿ ಪ್ರಯಾಣಿಕ ರೈಲಿನಲ್ಲಿಯೂ ಮಹಿಳೆಯರಿಗೆ ಒಂದು ವಿಭಾಗವನ್ನು ಅಥವಾ ಕೆಲವು ಆಸನಗಳನ್ನು ಮೀಸಲಿಡಬೇಕೆನ್ನುತ್ತದೆ. 162ನೆಯ ಕಲಮಿನಂತೆ, ಮೀಸಲು ಎಂದು ತಿಳಿದೂ ಸಕಾರಣವಿಲ್ಲದೆ ಅಲ್ಲಿಗೆ ಪ್ರವೇಶಿಸುವ ಪುರುಷನು ದಂಡಕ್ಕೆ ಗುರಿಯಾಗುತ್ತಾನೆ. ರೈಲ್ವೆ ನೌಕರರು ಅವನನ್ನು ಹೊರಗೆ ಕಳುಹಿಸಬಹುದು. 12 ವರ್ಷ ಮೀರದ ಬಾಲಕರಿಗೆ ವಿನಾಯಿತಿಯಿದೆ. ನಿಯಮ ಪಾಲನೆಗೆ ನಿಂತ ನೌಕರರಿಗೂ ಕಾಯ್ದೆ ರಕ್ಷಣೆ ನೀಡುತ್ತದೆ: ಅವರ ಕರ್ತವ್ಯಕ್ಕೆ ಉದ್ದೇಶಪೂರ್ವಕವಾಗಿ ಅಡ್ಡಿಪಡಿಸುವುದು 146ನೆಯ ಕಲಮಿನಡಿ ಅಪರಾಧ.

ಮಿತಿಗಳು

ಜನಸಂದಣಿಯ ವೇಳೆ ಆಸರೆಯಾಗುವ ಈ ಬೋಗಿ ತಡರಾತ್ರಿ ನಿರ್ಜನವಾದಾಗ ಅಪಾಯಕ್ಕೆ ಎಡೆಮಾಡಬಹುದು. ಆದ್ದರಿಂದ ಮುಂಬಯಿಯಲ್ಲಿ ರಾತ್ರಿ ವೇಳೆ ಈ ಬೋಗಿಗಳಿಗೆ ಕಾವಲು ಸಿಬ್ಬಂದಿಯನ್ನು ನಿಯೋಜಿಸಲಾಗುತ್ತದೆ. ಪ್ರತ್ಯೇಕ ಬೋಗಿಯೊಂದರಿಂದಲೇ ಸಾಮಾನ್ಯ ಬೋಗಿಗಳಲ್ಲಿನ ಕಿರುಕುಳ ನಿಲ್ಲುವುದಿಲ್ಲ. ಅಲ್ಲಿ ಪ್ರಯಾಣಿಸುವ ಮಹಿಳೆಯೂ ಅಷ್ಟೇ ರಕ್ಷಣೆಗೆ ಅರ್ಹಳು. ಭಾರತೀಯ ರೈಲ್ವೆಯ ಯಾವುದೇ ಬೋಗಿಯಿಂದ 139 ಸಹಾಯವಾಣಿಗೆ ದೂರು ನೀಡಬಹುದು.