ಹೇಳಿದ ಮಾತು ಕೇಳದ ಮೃಗಗಳು

ಯಂತ್ರ ಎಂದರೆ ಹೇಳಿದಂತೆ ಕೇಳುವಂಥದ್ದು. ಗುಂಡಿ ಒತ್ತಿದರೆ ದೀಪ ಹತ್ತಬೇಕು, ಸ್ವಿಚ್ಚು ಹಾಕಿದರೆ ಪಂಪು ಓಡಬೇಕು. ಇಲ್ಲವಾದರೆ ಅದು ಕೆಟ್ಟಿದೆ ಎಂದು ರಿಪೇರಿಗೆ ಕೊಡುತ್ತೇವೆ. ಆದರೆ ಒತ್ತಿದ ಗುಂಡಿಗೆ ಬೇಕೆಂದೇ ಓಗೊಡದ ಆಟವನ್ನು ತಯಾರಿಸಿ, ಮಾರಿ, ಕೊಂಡವರಿಂದ ಭೇಷ್ ಎನ್ನಿಸಿಕೊಂಡವರು ಜಪಾನಿನಲ್ಲಿದ್ದಾರೆ ಎಂದರೆ ನಂಬುತ್ತೀರಾ?

1997ರ ಜುಲೈ ತಿಂಗಳಲ್ಲಿ ಟೆಕ್ಮೋ ಕಂಪೆನಿ ಸೋನಿಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ ‘ಮಾನ್‌ಸ್ಟರ್ ಫಾರ್ಮ್’ ಎಂಬ ವಿಡಿಯೋ ಆಟವನ್ನು ಹೊರತಂದಿತು. ಅದೇ ವರ್ಷ ಅದು ಅಮೆರಿಕದಲ್ಲಿ ‘ಮಾನ್‌ಸ್ಟರ್ ರ‍್ಯಾಂಚರ್’ ಎಂಬ ಹೆಸರಿನಲ್ಲಿ ಬಂತು. ಆಟಗಾರನ ಕೆಲಸ ವಿಚಿತ್ರ ಮೃಗವೊಂದನ್ನು ಸಾಕಿ, ತಿನ್ನಿಸಿ, ಪಳಗಿಸಿ ಕಾಳಗದ ಕಣಕ್ಕೆ ಇಳಿಸುವುದು. ಮೃಗ ಹುಟ್ಟುವ ಬಗೆಯೇ ಒಂದು ಸೋಜಿಗ. ಆಟದ ಡಿಸ್ಕನ್ನು ತೆಗೆದು ಮನೆಯಲ್ಲಿರುವ ಯಾವುದಾದರೂ ಹಾಡಿನ ಸಿ.ಡಿ.ಯನ್ನು ಹಾಕಬೇಕು. ಯಂತ್ರ ಆ ಸಿ.ಡಿ.ಯ ಮಾಹಿತಿಯನ್ನು ಓದಿ ಅದಕ್ಕೆ ತಕ್ಕ ಮೃಗವನ್ನು ಹುಟ್ಟಿಸುತ್ತದೆ. ಅದೇ ಸಿ.ಡಿ. ಹಾಕಿದರೆ ಅದೇ ಜಾತಿಯ ಮೃಗ. ಒಂದೇ ಕಣ್ಣಿನ ಸುಯೇಜೋ, ಕಲ್ಲಿನ ಮೈಯ ಗೋಲೆಮ್, ತೋಳದಂಥ ಟೈಗರ್, ಕುಳ್ಳು ಮೊಲದಂಥ ಹೇರ್ — ಹೀಗೆ ತಳಿಗಳು ಹಲವು.

ಕಣದಲ್ಲಿ ಕಾದಾಡುವುದು ಮೃಗ. ಸಾಕಿದವನು ಹಿಂದೆ ನಿಂತು ‘ಹೊಡೆ’ ಎನ್ನಬಹುದು, ಅಷ್ಟೆ. ಅದಕ್ಕೆ ಅವನ ಮೇಲೆ ನಿಷ್ಠೆ ಇಲ್ಲದಿದ್ದರೆ ಕೇಳಿಸದ ಹಾಗೆ ನಿಂತುಬಿಡಬಹುದು. ಎದುರಾಳಿ ಬಂದು ಬಾರಿಸಿ ಹೋಗುತ್ತಾನೆ. ಇಲ್ಲಿ ಗುಂಡಿ ಒತ್ತಿದ ಬೆರಳಿನದೂ ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ. ತಪ್ಪು ಇರುವುದು ಹಿಂದಿನ ತಿಂಗಳುಗಳಲ್ಲಿ ಸಾಕಿದ ರೀತಿಯಲ್ಲಿ.

ಈ ಮೊಂಡುತನ ಆಟಗಳೊಳಗೆ ಬಂದದ್ದು ಹೇಗೆ? ಸ್ವಲ್ಪ ಹಿಂದಕ್ಕೆ ಹೋಗೋಣ.

ಬುದ್ಧಿಯೋ, ಬಿರುದೋ?

1992ರಲ್ಲಿ ಎನಿಕ್ಸ್ ಕಂಪೆನಿಯ ‘ಡ್ರ್ಯಾಗನ್ ಕ್ವೆಸ್ಟ್’ ಸರಣಿಯ ಐದನೆಯ ಆಟ ಬಂತು. ಯೂಜಿ ಹೊರೀ ರೂಪಿಸಿದ ಈ ಕಥೆಯಲ್ಲಿ ಸೋತ ಮೃಗಗಳಲ್ಲಿ ಕೆಲವು ನಾಯಕನ ಬೆನ್ನು ಹತ್ತಿ ಬರುತ್ತವೆ. ಬಂದವೆಲ್ಲ ಮಾತು ಕೇಳುವುದಿಲ್ಲ. ಪ್ರತಿಯೊಂದು ಮೃಗಕ್ಕೂ ‘ಜಾಣತನ’ದ ಒಂದು ಅಂಕ ಇದೆ. ಅದು 20 ಮುಟ್ಟುವವರೆಗೆ ಮೃಗ ತನಗೆ ತೋಚಿದ್ದನ್ನೇ ಮಾಡುತ್ತದೆ. ಜಾಣತನ ತಳಿಯಿಂದ ತಳಿಗೆ ಬೇರೆ. ಅಂದರೆ ಇಲ್ಲಿ ಅವಿಧೇಯತೆಗೆ ಕಾರಣ ಹಟವಲ್ಲ, ಹೇಳಿದ್ದು ತಲೆಗೆ ಹೋಗದಿರುವುದು. 1998ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್’ ಆಟದಲ್ಲಿ ಇದೇ ಕಂಪೆನಿ ಲೆಕ್ಕವನ್ನು ಬದಲಾಯಿಸಿತು. ಅಲ್ಲಿ ‘ಕಾಡುತನ’ ಎಂಬ ಅಂಕ ಬಂತು. ಮಾಂಸ ತಿನ್ನಿಸಿದಷ್ಟೂ ಕಾಡುತನ ಇಳಿಯುತ್ತದೆ.

1996ರ ಫೆಬ್ರುವರಿಯಲ್ಲಿ ಬಂದ ‘ಪೋಕೆಮಾನ್’ ಇನ್ನೊಂದು ಉತ್ತರ ಕೊಟ್ಟಿತು. ಸತೋಶಿ ತಾಜಿರಿ ರೂಪಿಸಿದ ಈ ಆಟದಲ್ಲಿ ಆಟಗಾರ ತಾನೇ ಹಿಡಿದ ಮೃಗ ಎಂದೂ ಎದುರಾಡುತ್ತಿರಲಿಲ್ಲ. ಗೆಳೆಯನಿಂದ ವಿನಿಮಯವಾಗಿ ಬಂದ ಬಲಶಾಲಿ ಮೃಗ ಮಾತ್ರ ಹೊಸ ಒಡೆಯನ ಎದೆಯ ಮೇಲಿನ ಬ್ಯಾಡ್ಜುಗಳನ್ನು ನೋಡಿ ಬೆಲೆ ಕಟ್ಟುತ್ತಿತ್ತು. ಸಾಕಷ್ಟು ಬ್ಯಾಡ್ಜು ಗೆದ್ದಿಲ್ಲವೆಂದರೆ ಕಾಳಗದ ನಡುವೆಯೇ ನಿದ್ದೆ ಹೊಡೆಯುತ್ತಿತ್ತು. ತಳಿ ಯಾವುದಾದರೂ ನಿಯಮ ಒಂದೇ. ಇಲ್ಲಿ ಗೌರವ ಸಿಗುವುದು ಬಿರುದಿಗೆ. ಇದರ ಹಿಂದೆ ವ್ಯಾವಹಾರಿಕ ಉಪಯೋಗವೂ ಇತ್ತು: ದೊಡ್ಡ ಹುಡುಗರಿಂದ ಬಲಿಷ್ಠ ಮೃಗವನ್ನು ಪಡೆದು ಆಟವನ್ನು ಒಂದೇ ದಿನದಲ್ಲಿ ಮುಗಿಸಲು ಆಗುತ್ತಿರಲಿಲ್ಲ. 2002ರಲ್ಲಿ ಶುರುವಾದ ಮೂರನೆಯ ತಲೆಮಾರಿನ ಆಟಗಳಲ್ಲಿ ಮ್ಯೂ ಮತ್ತು ಡಿಯಾಕ್ಸಿಸ್ ಎಂಬ ಎರಡು ತಳಿಗಳಿಗೆ ವಿಶೇಷ ಗುರುತು ಇಟ್ಟರು. ಕಳ್ಳದಾರಿಯಲ್ಲಿ ಪಡೆದ ಮೃಗದಲ್ಲಿ ಆ ಗುರುತಿಲ್ಲದಿದ್ದರೆ, ಎಷ್ಟು ಬ್ಯಾಡ್ಜು ಇದ್ದರೂ ಅದು ಮಾತು ಕೇಳುತ್ತಿರಲಿಲ್ಲ!

ಸಲುಗೆ ಮತ್ತು ಅಂಜಿಕೆ

ಮೂರನೆಯ ಉತ್ತರ: ವಿಧೇಯತೆ ಬರುವುದು ಬೆಳೆಸಿದ ರೀತಿಯಿಂದ. 1996ರ ನವೆಂಬರಿನಲ್ಲಿ ಬಂಡಾಯ್ ಕಂಪೆನಿ ಬಿಡುಗಡೆ ಮಾಡಿದ ‘ತಮಗಾಚಿ’ ಅಂಗೈಯಲ್ಲಿ ಹಿಡಿಯುವಂಥ ಮೊಟ್ಟೆಯಾಕಾರದ ಆಟಿಕೆ. ಅದರೊಳಗಿನ ಮರಿ ಹಸಿವಾಗದಿದ್ದರೂ ಸುಮ್ಮಸುಮ್ಮನೆ ಕೂಗಿ ಕರೆಯುತ್ತಿತ್ತು. ಆಗ ಗದರಬೇಕು. ಗದರಿ ಕಲಿಸಿದ ಶಿಸ್ತಿಗೂ ನೋಡಿಕೊಂಡ ಅಕ್ಕರೆಗೂ ತಕ್ಕಂತೆ ಅದು ದೊಡ್ಡದಾದಾಗ ಯಾವ ರೂಪ ತಾಳುತ್ತದೆ ಎಂಬುದು ನಿಶ್ಚಯವಾಗುತ್ತಿತ್ತು.

ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದದ್ದು 1999ರಲ್ಲಿ ಬಂದ ‘ಮಾನ್‌ಸ್ಟರ್ ಫಾರ್ಮ್’ನ ಎರಡನೆಯ ಭಾಗ. ಇದರಲ್ಲಿ ಮೃಗದ ನಿಷ್ಠೆಯನ್ನು ಎರಡು ಅಂಕಗಳಿಂದ ಅಳೆಯುತ್ತಾರೆ. ಒಂದು ಸಲುಗೆ, ಇನ್ನೊಂದು ಅಂಜಿಕೆ. ಹೊಗಳಿದರೆ, ಇಷ್ಟದ ತಿಂಡಿ ಕೊಟ್ಟರೆ ಸಲುಗೆ ಏರುತ್ತದೆ. ಗದರಿದರೆ ಅಂಜಿಕೆ ಏರುತ್ತದೆ. ಎರಡರ ಸರಾಸರಿಯೇ ನಿಷ್ಠೆ. ಸಲುಗೆ 100 ಇದ್ದು ಅಂಜಿಕೆ ಸೊನ್ನೆಯಾಗಿದ್ದರೆ ನಿಷ್ಠೆ ಕೇವಲ 50. ಬರೀ ಗದರಿ ಬೆಳೆಸಿದರೂ ಅಷ್ಟೇ. ‘ದಂಡಂ ದಶಗುಣಂ’ ಎನ್ನುವವರೂ, ಮುದ್ದು ಮಾಡಿ ಹಾಳು ಮಾಡುವವರೂ ಇಲ್ಲಿ ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ.

ಹಾಗಾದರೆ ತಳಿಗೆ ಬೆಲೆಯಿಲ್ಲವೇ? ಇದೆ. ಪ್ರತಿ ತಳಿಗೂ ಅದರದೇ ಆಯಸ್ಸು, ಬೇಕು-ಬೇಡಗಳು, ಹುಟ್ಟುಗುಣ ಇವೆ. ಕೆಲವು ಸಾಧು, ಕೆಲವು ದುಷ್ಟ. ಮುಖವಾಡ ತೊಟ್ಟ ಜೋಕರ್ ಎಂಬ ತಳಿ ಕೆಟ್ಟ ಸ್ವಭಾವಕ್ಕೇ ಹೆಸರಾದದ್ದು. ಆದರೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಆಟ ಪೂರ್ತಿ ಒಪ್ಪುವುದಿಲ್ಲ. ಹುಟ್ಟುಗುಣ ಒಂದು ಅಂಕ, ನಿಷ್ಠೆ ಬೇರೆಯೇ ಅಂಕ. ಮೊದಲನೆಯದು ತಳಿಯ ಜೊತೆ ಬರುತ್ತದೆ, ಎರಡನೆಯದನ್ನು ವಾರ ವಾರವೂ ಸಂಪಾದಿಸಬೇಕು.

ಪಶ್ಚಿಮದ ಪ್ರಯೋಗಗಳು

ಇದೇ ಕಾಲಕ್ಕೆ ಇಂಗ್ಲೆಂಡಿನಲ್ಲೂ ಕೆಲವರ ತಲೆಯಲ್ಲಿ ಇದೇ ಹುಳ ಹೊಕ್ಕಿತ್ತು. 1996ರಲ್ಲಿ ಸ್ಟೀವ್ ಗ್ರ್ಯಾಂಡ್ ತಯಾರಿಸಿದ ‘ಕ್ರೀಚರ್ಸ್’ ಆಟದಲ್ಲಿ ನಾರ್ನ್ ಎಂಬ ಸಾಧು ಪ್ರಾಣಿಗಳೂ ಗ್ರೆಂಡೆಲ್ ಎಂಬ ದುಷ್ಟ ಪ್ರಾಣಿಗಳೂ ಇದ್ದವು. ನಾರ್ನ್‌ಗಳಿಗೆ ಮಿದುಳಿನ ನರಜಾಲವನ್ನು ಹೋಲುವ ಪುಟ್ಟ ‘ಮಿದುಳು’ ಇತ್ತು. ಮಾತು ಕಲಿಸಬಹುದಿತ್ತು. ತಪ್ಪಿಗೆ ಪೆಟ್ಟು ಕೊಟ್ಟು, ಒಳ್ಳೆಯದಕ್ಕೆ ಕಚಗುಳಿ ಇಟ್ಟು ತಿದ್ದಬಹುದಿತ್ತು.

2001ರಲ್ಲಿ ಪೀಟರ್ ಮಾಲಿನ್ಯೂ ಅವರ ಲಯನ್‌ಹೆಡ್ ಸಂಸ್ಥೆಯ ‘ಬ್ಲ್ಯಾಕ್ ಅಂಡ್ ವೈಟ್’ ಬಂತು. ಆರಂಭದಲ್ಲಿ ಹಸು, ಹುಲಿ, ವಾನರ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವಾನರ ಬೇಗ ಕಲಿಯುತ್ತದೆ, ಹುಲಿ ಕಾಳಗಕ್ಕೆ ಗಟ್ಟಿ, ಹಸು ಸಾಧು. ನೇವರಿಸಿದರೆ ಮಾಡಿದ್ದು ಸರಿ, ಬಾರಿಸಿದರೆ ತಪ್ಪು ಎಂದು ಅದು ತಿಳಿಯುತ್ತದೆ. ಈ ಆಟದ ಕೃತಕ ಬುದ್ಧಿಮತ್ತೆಯ ಕೆಲಸದಲ್ಲಿ ಆರಂಭದ ದಿನಗಳಲ್ಲಿ ತೊಡಗಿದ್ದ ಯುವಕ ಡೆಮಿಸ್ ಹಸಾಬಿಸ್. 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು ಇವರೇ.

ಮೊಂಡುತನಕ್ಕೆ ಏನು ಬೆಲೆ?

ಮೊದಲ ಪ್ರಶ್ನೆಗೆ ಮರಳೋಣ. ಮಾತು ಕೇಳದ ಆಟಿಕೆಯನ್ನು ಯಾರಾದರೂ ಏಕೆ ಮಾಡಬೇಕು? ‘ಇಲ್ಲ’ ಎನ್ನಬಲ್ಲವನು ಹೇಳುವ ‘ಹೂಂ’ಗೆ ಮಾತ್ರ ಬೆಲೆ ಇದೆ ಎಂಬುದೇ ಉತ್ತರ ಇರಬೇಕು. ಯಾವಾಗಲೂ ಕೇಳುವ ಮೃಗ ಬರೀ ಉಪಕರಣ. ಕೇಳದೆಯೂ ಇರಬಹುದಾಗಿದ್ದ ಮೃಗ ಒಮ್ಮೆ ಕೇಳಿದಾಗ ‘ಇದು ನನ್ನದು’ ಎನಿಸುತ್ತದೆ. ಮಾನ್‌ಸ್ಟರ್ ಫಾರ್ಮಿನ ಮೃಗಕ್ಕೆ ಮುಪ್ಪೂ ಸಾವೂ ಇವೆ. ಅತಿಯಾಗಿ ದುಡಿಸಿದರೆ ಆಯಸ್ಸು ಕುಗ್ಗುತ್ತದೆ. ಕಪ್ ಗೆಲ್ಲುವ ಆತುರದಲ್ಲಿ ಓಡಿಸಿದ ಹುಡುಗನಿಗೆ ಕೊನೆಗೆ ಉಳಿಯುವುದು ಒಂದು ಕಪ್ ಮತ್ತು ಒಂದು ಖಾಲಿ ಲಾಯ.

ಆಕ್ಷೇಪಣೆಗೂ ಅವಕಾಶವಿದೆ. ಪ್ರೀತಿಯಷ್ಟೇ ಅಂಜಿಕೆಯೂ ಬೇಕು ಎಂಬ ಲೆಕ್ಕವನ್ನು ಎಳೆಯ ಮನಸ್ಸಿಗೆ ಕಲಿಸುವುದು ಸರಿಯೇ? ಪೆಟ್ಟು ಕೊಟ್ಟು ತಿದ್ದುವುದು ಮನೆಯಲ್ಲೂ ಶಾಲೆಯಲ್ಲೂ ತಪ್ಪು ಎಂದು ನಾವು ಈಗ ಹೇಳುತ್ತೇವೆ. ಆಟ ಆ ಚರ್ಚೆಗೆ ಹೋಗುವುದಿಲ್ಲ. ಅದು ಒಂದು ಸರಾಸರಿಯನ್ನು ಮುಂದಿಟ್ಟು ಸುಮ್ಮನಾಗುತ್ತದೆ. ಆ ಸರಾಸರಿಯನ್ನು ಮನೆಗೆ ತರಬೇಕೋ ಬೇಡವೋ ಎಂಬುದು ಆಡಿದವನ ವಿವೇಕಕ್ಕೆ ಬಿಟ್ಟದ್ದು.

ಟೆಕ್ಮೋ 2009ರಲ್ಲಿ ಕೋಯಿ ಕಂಪೆನಿಯೊಡನೆ ಒಂದಾಯಿತು. 2021ರ ಡಿಸೆಂಬರಿನಲ್ಲಿ ಮೊದಲ ಎರಡು ಆಟಗಳು ಹೊಸ ಯಂತ್ರಗಳಿಗಾಗಿ ಮತ್ತೆ ಬಂದವು. ಆ ಯಂತ್ರಗಳಿಗೆ ಹಾಡಿನ ಸಿ.ಡಿ. ಓದಲು ಬಾರದು. ಆದ್ದರಿಂದ ಸಿ.ಡಿ.ಗಳ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಸಾಕು, ಮೃಗ ಹುಟ್ಟುತ್ತದೆ. ಹುಟ್ಟಿಸುವುದು ಮೊದಲಿಗಿಂತ ಸುಲಭವಾಗಿದೆ. ಅದರ ವಿಶ್ವಾಸ ಗಳಿಸುವುದು ಮಾತ್ರ ಅಂದಿನಷ್ಟೇ ಕಷ್ಟ.