ಗ್ರಂಥವಾದ ವಚನ, ಮನುಷ್ಯನಾದ ವಚನ

ಇಸ್ಲಾಮ್ ಮತ್ತು ಕ್ರೈಸ್ತ ಧರ್ಮಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ಕುರ್‌ಆನನ್ನು ಬೈಬಲಿನ ಪಕ್ಕದಲ್ಲೂ ಪ್ರವಾದಿ ಮುಹಮ್ಮದರನ್ನು(ಸ) ಯೇಸುವಿನ ಪಕ್ಕದಲ್ಲೂ ಇಟ್ಟು ನೋಡುತ್ತೇವೆ. ಗ್ರಂಥಕ್ಕೆ ಗ್ರಂಥ, ಪ್ರವಾದಿಗೆ ಪ್ರವಾದಿ ಎಂಬ ಲೆಕ್ಕ. ಈ ಲೆಕ್ಕ ಕೂಡುವುದಿಲ್ಲ. ಮುಸ್ಲಿಮರ ನಂಬಿಕೆಯಂತೆ ದೇವನು ತನ್ನ ವಚನವನ್ನು ಗ್ರಂಥವಾಗಿ ಅವತೀರ್ಣಗೊಳಿಸಿದನು. ಕ್ರೈಸ್ತರ ನಂಬಿಕೆಯಂತೆ ದೇವರ ವಚನವೇ ಮನುಷ್ಯನಾಗಿ ಹುಟ್ಟಿತು. ಸುವಾರ್ತೆಗಳು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಹಾಗಾಗಿ ಅವರ ಯೇಸುವಿನ ಎದುರು ಇಡಬೇಕಾದದ್ದು ಕುರ್‌ಆನನ್ನೇ ಎಂದು 20ನೇ ಶತಮಾನದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಹೇಳಿದರು. ಆದರೆ ಇದೇ ವಿಷಯದ ಬಹಳ ಹಳೆಯ ಚರ್ಚೆಯೊಂದು ಬಗ್ದಾದಿನಲ್ಲಿ ನಡೆದಿತ್ತು.

ಕ್ರಿ.ಶ. 782ರ ಸುಮಾರು. ಹಾರೂನ್ ರಶೀದರ ತಂದೆ ಅಲ್-ಮಹ್ದಿ ಆಗ ಖಲೀಫಾ. ಅವರ ಎದುರು ನಿಂತವರು ಪೂರ್ವದ ಸುರಿಯಾನಿ ಸಭೆಯ ಮುಖ್ಯಸ್ಥ ತಿಮೊತಿ. ಆ ಸಭೆ ಚೀನಾದವರೆಗೂ ಹಬ್ಬಿತ್ತು. ಮಲಬಾರಿನ ಕ್ರೈಸ್ತರೂ ಅದಕ್ಕೆ ಸೇರಿದವರಾಗಿದ್ದರು. ಇದೇ ಖಲೀಫಾರ ಕೋರಿಕೆಯಂತೆ ಅರಿಸ್ಟಾಟಲನ ತರ್ಕಗ್ರಂಥವೊಂದನ್ನು ಅರಬಿಗೆ ತರಿಸಿದವರೂ ತಿಮೊತಿಯೇ.

ಮಾತುಕತೆ ಎರಡು ದಿನ ನಡೆಯಿತು. ದೇವರು ಹೆಣ್ಣನ್ನು ವರಿಸಿ ಮಗನನ್ನು ಪಡೆದನೆಂದು ನಿಮ್ಮಂತಹ ತಿಳಿದವರು ಹೇಗೆ ಹೇಳುತ್ತೀರಿ ಎಂಬುದು ಖಲೀಫಾರ ಮೊದಲ ಪ್ರಶ್ನೆ. ಹಾಗೆ ಹೇಳುವುದು ದೇವದೂಷಣೆ ಎಂದರು ತಿಮೊತಿ. ಸೂರ್ಯನಿಂದ ಬೆಳಕು, ಮನಸ್ಸಿನಿಂದ ಮಾತು ಹೊಮ್ಮುವಂತೆ ದೇವರಿಂದ ಅವನ ವಚನ ಎಂಬುದು ಅವರ ವಿವರಣೆ. ದೊರೆ ತನ್ನ ಮಾತು ಮತ್ತು ಉಸಿರಿನೊಂದಿಗೆ ಒಬ್ಬನೇ ದೊರೆಯಲ್ಲವೇ, ಮೂವರಾಗುತ್ತಾನೆಯೇ ಎಂದೂ ಕೇಳಿದರು. ಕುರ್‌ಆನ್ ಕೂಡ ಈಸಾರನ್ನು(ಅ) ದೇವನ ವಚನವೆಂದು ಕರೆದಿದೆಯಲ್ಲ ಎಂದು ನೆನಪಿಸಿದರು. ಖಲೀಫಾರು ಬಿಡಲಿಲ್ಲ. ಹಾಗಾದರೆ ದೇವರು ಸಾಯುತ್ತಾನೆಯೇ ಎಂದರು! ಮಾನವ ಸ್ವರೂಪದಲ್ಲಿ ಸಾವು, ದೈವತ್ವಕ್ಕಲ್ಲ ಎಂಬ ಉತ್ತರ ಬಂತು. ಪ್ರವಾದಿಯವರ(ಸ) ಬಗ್ಗೆ ಕೇಳಿದಾಗ, ಏಕದೇವತ್ವವನ್ನು ಬೋಧಿಸಿ ವಿಗ್ರಹಾರಾಧನೆಯಿಂದ ಜನರನ್ನು ಬಿಡಿಸಿದ್ದರಿಂದ ಅವರು ಪ್ರವಾದಿಗಳ ಹಾದಿಯಲ್ಲಿ ನಡೆದವರು ಎಂದರು ತಿಮೊತಿ. ಪ್ರವಾದಿ ಎಂದು ಒಪ್ಪಲಿಲ್ಲ, ಹಳಿಯಲೂ ಇಲ್ಲ.

ಇದೆಲ್ಲ ತಿಮೊತಿ ಸುರಿಯಾನಿ ಭಾಷೆಯಲ್ಲಿ ಬರೆದ ಪತ್ರದಲ್ಲಿದೆ. ಬರೆದವರು ಅವರೇ ಆದ್ದರಿಂದ ಉತ್ತರಗಳು ಪ್ರಶ್ನೆಗಳಿಗಿಂತ ಉದ್ದವಾಗಿರುವುದು ಸಹಜ. ಆದರೂ ಖಲೀಫಾರ ಪ್ರಶ್ನೆಗಳ ಮೊನಚನ್ನು ಅವರು ಮರೆಮಾಚಿಲ್ಲ. ಕೊನೆಯಲ್ಲಿ ಅವರು ಒಂದು ದೃಷ್ಟಾಂತ ಕೊಡುತ್ತಾರೆ: ಕತ್ತಲ ಮನೆಯಲ್ಲಿ ಮುತ್ತೊಂದು ಬಿದ್ದಿದೆ, ಎಲ್ಲರೂ ತಡಕಾಡುತ್ತಾರೆ. ಒಬ್ಬನಿಗೆ ಮುತ್ತು, ಇನ್ನೊಬ್ಬನಿಗೆ ಗಾಜು, ಮತ್ತೊಬ್ಬನಿಗೆ ಕಲ್ಲು. ಬೆಳಕಾಗುವವರೆಗೆ ಎಲ್ಲರೂ ತಮ್ಮ ಕೈಯಲ್ಲಿರುವುದೇ ಮುತ್ತೆಂದು ನಂಬಿರುತ್ತಾರೆ. ಅದು ನಮ್ಮ ಕೈಯಲ್ಲಿದೆ ಎಂಬ ಭರವಸೆ ನಮಗಿದೆ ಎಂದರು ಖಲೀಫಾರು. ತಿಮೊತಿ ಆಮೀನ್ ಹೇಳಿ, ಅದರಲ್ಲಿ ನಮಗೂ ಪಾಲು ಸಿಗಲಿ ಎಂದರಂತೆ.

ವಚನ ಸೃಷ್ಟಿಯೋ ಅನಾದಿಯೋ ಎಂಬ ಜಗಳ ಕ್ರೈಸ್ತರಲ್ಲಿ ಮೊದಲೇ ಆಗಿತ್ತು. ಯೇಸು ದೇವರ ಸೃಷ್ಟಿ ಎಂದ ಅರಿಯಸ್‌ನನ್ನು 325ರ ನೈಸಿಯಾ ಸಮ್ಮೇಳನ ತಳ್ಳಿಹಾಕಿತು. ತಿಮೊತಿಯ ಮಾತುಕತೆಯಾಗಿ ಅರ್ಧ ಶತಮಾನವಾದ ಮೇಲೆ, 833ರಲ್ಲಿ, ಅದೇ ಪ್ರಶ್ನೆ ಕುರ್‌ಆನಿನ ಬಗ್ಗೆ ಬಗ್ದಾದಿನಲ್ಲಿ ಎದ್ದಿತು. ಕುರ್‌ಆನ್ ಸೃಷ್ಟಿಯೆಂದು ವಿದ್ವಾಂಸರೆಲ್ಲ ಒಪ್ಪಬೇಕೆಂದು ಅಲ್-ಮಹ್ದಿಯ ಮೊಮ್ಮಗ ಮಅಮೂನ್ ಆಜ್ಞೆ ಮಾಡಿದರು. ಅನಾದಿಯಾದ ವಚನವಿದ್ದರೆ ಅದು ಕ್ರೈಸ್ತರ ಮಾತಿನಂತೆಯೇ ಆಗುತ್ತದೆ ಎಂಬ ಅಳುಕು ಅದರ ಹಿಂದಿತ್ತು. ಇಮಾಮ್ ಅಹ್ಮದ್ ಬಿನ್ ಹಂಬಲ್ ಒಪ್ಪಲಿಲ್ಲ. ಆ ವಚನವನ್ನು ಅವರು ಆರಾಧಿಸಲಿಲ್ಲ, ಮಗನೆಂದು ಕರೆಯಲಿಲ್ಲ. ದೇವನ ಮಾತು ಸೃಷ್ಟಿಯಲ್ಲ ಎಂದಷ್ಟೇ ಹೇಳಿದರು. ಮಅಮೂನರ ನಂತರ ಬಂದ ಮುಅತಸಿಮ್ ಅವರ ಬೆನ್ನಿಗೆ ಚಾಟಿಯೇಟು ಹಾಕಿಸಿದರು. ಅಜ್ಜನ ಅರಮನೆಯಲ್ಲಿ ಕ್ರೈಸ್ತ ಗುರುವಿಗೆ ಸಿಕ್ಕಿದ್ದ ತಾಳ್ಮೆ, ಮೊಮ್ಮಕ್ಕಳ ಕಾಲದಲ್ಲಿ ಮುಸ್ಲಿಮ್ ಇಮಾಮರಿಗೆ ಸಿಗಲಿಲ್ಲ.